ಆರು ಕೊಡ ನೀರು

ನಮ್ಮ ವ್ಯಾನಿನ ನೀರಿನ ಟ್ಯಾಂಕು 85 ಲೀಟರಿನದು. ಚಳ್ಳಕೆರೆಯ ನಮ್ಮಮ್ಮನ ಲೆಕ್ಕದಲ್ಲಿ ಹೇಳುವುದಾದರೆ ಹತ್ತಿರ ಹತ್ತಿರ ಆರು ಕೊಡ. ಮಂಚದ ಕೆಳಗೆ, ಹಿಂದಿನ ಚಕ್ರದ ಪಕ್ಕ ಒತ್ತಿಕೊಂಡು ಕೂತಿದ್ದ ಬಿಳಿ ಪ್ಲಾಸ್ಟಿಕ್ ಡಬ್ಬ ಅದು. ಅದರ ಬುಡದಿಂದ ಹೊರಟ ಪೈಪು ಅಂಗೈಯಗಲದ ಒಂದು ಪಂಪಿಗೆ ಸೇರಿ, ಅಲ್ಲಿಂದ ಎಡಗೋಡೆಯ ಪ್ಲೈವುಡ್ ಹಿಂದೆ ಸಾಗಿ, ಅಡುಗೆ ಕಟ್ಟೆಯ ನಲ್ಲಿಗೆ ಬರುತ್ತಿತ್ತು. ನಲ್ಲಿ ತಿರುಗಿಸಿದರೆ ಪೈಪಿನೊಳಗಿನ ಒತ್ತಡ ಇಳಿಯುತ್ತದೆ, ಅದು ಪಂಪಿಗೆ ಗೊತ್ತಾಗುತ್ತದೆ, ಅದು ‘ಗುರ್ರ್’ ಎನ್ನುತ್ತದೆ, ನೀರು ಬರುತ್ತದೆ. ನಲ್ಲಿ ಮುಚ್ಚಿದರೆ ಒತ್ತಡ ಏರಿ ತಾನಾಗಿಯೇ ಸುಮ್ಮನಾಗುತ್ತದೆ. ಇಷ್ಟೇ. ಇದನ್ನೆಲ್ಲ ಇವರು ತಮ್ಮ ಕೈಯಾರೆ ಕೂಡಿಸಿದ್ದರು, 2014ರ ಬೇಸಿಗೆಯಲ್ಲಿ, ಶನಿವಾರ ಭಾನುವಾರಗಳಲ್ಲಿ, ಕೈಯಲ್ಲಿ ಒಳ್ಳೆಯ ಕೆಲಸವೂ ಬ್ಯಾಂಕಿನಲ್ಲಿ ದುಡ್ಡೂ ಇದ್ದ ಕಾಲದಲ್ಲಿ.

ವ್ಯಾನು ಅಂದರೆ ಕೊರಿಯರ್ ಕಂಪನಿಯೊಂದು ಓಡಿಸಿ ಓಡಿಸಿ ಬಿಟ್ಟಿದ್ದ ಡೀಸೆಲ್ ಗಾಡಿ. ಒಳಗೆ ನೆಟ್ಟಗೆ ನಿಲ್ಲಬಹುದು, ಅದೊಂದೇ ಅದರ ಹೆಚ್ಚುಗಾರಿಕೆ. ಕ್ಯಾಲ್ಗರಿಯಲ್ಲಿ ಇರುವವರಿಗೆ ಬ್ಯಾನ್ಫ್ ಒಂದೂವರೆ ಗಂಟೆಯ ದಾರಿ. ಜುಲೈ ಆಗಸ್ಟ್‌ನಲ್ಲಿ ಹೋಗಿ, ಎರಡು ರಾತ್ರಿ ಇದ್ದು, ಚಿತ್ರಾನ್ನ ಮಾಡಿಕೊಂಡು ತಿಂದು ಬರುವುದಕ್ಕೆ ಅಂತ ಕಟ್ಟಿದ ಗಾಡಿ ಅದು. ಅದರಲ್ಲಿ ಚಳಿಗಾಲ ಕಳೆಯುವುದು ಯಾರ ಯೋಚನೆಯಲ್ಲೂ ಇರಲಿಲ್ಲ.

2014ರ ಮಧ್ಯದಲ್ಲಿ ನೂರು ಡಾಲರ್ ದಾಟಿದ್ದ ಒಂದು ಬ್ಯಾರೆಲ್ ಕಚ್ಚಾ ಎಣ್ಣೆ 2016ರ ಆರಂಭದ ಹೊತ್ತಿಗೆ ಮೂವತ್ತಕ್ಕಿಂತ ಕೆಳಗಿಳಿದಿತ್ತು. ಆಲ್ಬರ್ಟಾದಲ್ಲಿ ಇದು ಪೇಪರಿನ ಸುದ್ದಿಯಲ್ಲ, ಪಕ್ಕದ ಮನೆಯ ಸುದ್ದಿ. ಮೊದಲು ಎದುರು ಮನೆಯವರು ಹೋದರು, ಆಮೇಲೆ ಕನ್ನಡ ಸಂಘದ ಎರಡು ಕುಟುಂಬ ಟೊರಾಂಟೋ ಕಡೆ ಹೊರಟವು, ಮಾರ್ಚ್‌ನಲ್ಲಿ ಇವರ ಸರದಿ ಬಂತು. ಪೈಪ್‌ಲೈನ್ ವಿನ್ಯಾಸದ ಎಂಜಿನಿಯರ್ ಇವರು. ಆ ವರ್ಷದ ನವೆಂಬರಿನಲ್ಲಿ ಪ್ರಾಂತ್ಯದ ನಿರುದ್ಯೋಗ ಶೇಕಡಾ 9ಕ್ಕೆ ಮುಟ್ಟಿತ್ತು. ನನಗೆ ವೃದ್ಧಾಶ್ರಮವೊಂದರಲ್ಲಿ ರಾತ್ರಿ ಪಾಳಿಯ ಕೆಲಸವಿತ್ತು, ಅದರ ಸಂಬಳ ಬಾಡಿಗೆಗೂ ಊರಿಗೆ ಕಳಿಸಬೇಕಾದ ಸಾಲದ ಕಂತಿಗೂ ಒಟ್ಟಿಗೆ ಸಾಲುತ್ತಿರಲಿಲ್ಲ. ಎರಡರಲ್ಲಿ ಒಂದನ್ನು ನಿಲ್ಲಿಸಬೇಕಿತ್ತು. ಕಂತು ನಿಲ್ಲಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಬಾಡಿಗೆ ನಿಲ್ಲಿಸಿದರೆ ಇಲ್ಲಿ ನಾಲ್ಕು ಜನಕ್ಕೆ. ಅಕ್ಟೋಬರ್ ಕೊನೆಗೆ ಮನೆ ಬಿಟ್ಟೆವು.

ಕೋಕ್ರೇನ್ ಎಂಬ ಊರಿನ ಹತ್ತಿರ ಪರಿಚಯದ ಒಬ್ಬರಿಗೆ ಹೊಲದ ನಡುವೆ ಮನೆಯಿತ್ತು. ಅವರ ಗ್ಯಾರೇಜಿನ ಪಕ್ಕ ವ್ಯಾನು ನಿಲ್ಲಿಸಿಕೊಳ್ಳಿ ಅಂದರು. ಬಾಡಿಗೆ ಬೇಡವೆಂದರು, ಒತ್ತಾಯ ಮಾಡಿ ಕರೆಂಟಿನ ದುಡ್ಡು ಮಾತ್ರ ಕೊಟ್ಟೆವು. ಇಲ್ಲಿನ ಮನೆಗಳ ಹೊರಗೋಡೆಗೆ ಒಂದು ಕರೆಂಟಿನ ಪಾಯಿಂಟ್ ಇದ್ದೇ ಇರುತ್ತದೆ, ಕಾರುಗಳ ಬ್ಲಾಕ್ ಹೀಟರಿಗೆ. ಕೊರೆಯುವ ಚಳಿಯಲ್ಲಿ ಎಂಜಿನ್ನನ್ನು ರಾತ್ರಿಯೆಲ್ಲ ಬೆಚ್ಚಗಿಡದಿದ್ದರೆ ಬೆಳಿಗ್ಗೆ ಗಾಡಿ ಹೊರಡುವುದಿಲ್ಲ. ಊರಿನಲ್ಲಿ ದನಗಳನ್ನು ಕೊಟ್ಟಿಗೆಯಲ್ಲಿ ಕಟ್ಟುವಂತೆ ಇಲ್ಲಿ ಕಾರುಗಳನ್ನು ವೈರಿಗೆ ಕಟ್ಟುತ್ತಾರೆ. ನಾವೂ ಆ ಸಾಲಿನಲ್ಲಿ ಒಂದು ವೈರು ಕಟ್ಟಿಕೊಂಡೆವು. ಅದರಿಂದ ಒಂದು ಪುಟ್ಟ ಕರೆಂಟ್ ಹೀಟರು, ಬ್ಯಾಟರಿ ಚಾರ್ಜರು. ಇದಲ್ಲದೆ ವ್ಯಾನಿನ ಟ್ಯಾಂಕಿನಿಂದಲೇ ಡೀಸೆಲ್ ಹೀರಿಕೊಂಡು ಬಿಸಿಗಾಳಿ ಊದುವ ಹೀಟರ್ ಒಂದಿತ್ತು. ಚಳಿಗೆ ಅಷ್ಟು ಸಾಕು. ನಿಜವಾದ ತಾಪತ್ರಯ ನೀರಿನದು.

ನೀರು ಹೆಪ್ಪುಗಟ್ಟುತ್ತದೆ ಎಂದು ಎಲ್ಲರಿಗೂ ಗೊತ್ತು. ಅದು ಯಾವ ಯಾವ ರೀತಿಯಲ್ಲಿ ಹೆಪ್ಪುಗಟ್ಟುತ್ತದೆ ಎಂಬುದು ಅದರ ಜೊತೆ ಬಾಳುವವರಿಗೆ ಮಾತ್ರ ಗೊತ್ತಾಗುವುದು. ಹೆಪ್ಪಾದಾಗ ನೀರಿನ ಗಾತ್ರ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಪೈಪು ಒಡೆಯುವುದು ಅದಕ್ಕೇ ಸರಿ, ಆದರೆ ಮಂಜುಗಡ್ಡೆ ಇರುವ ಜಾಗದಲ್ಲೇ ಒಡೆಯಬೇಕೆಂದಿಲ್ಲ. ಮಧ್ಯದಲ್ಲೊಂದು ಗಡ್ಡೆ ಕಟ್ಟಿ ಬಿರಡೆಯ ಹಾಗೆ ಕೂತುಬಿಡುತ್ತದೆ. ಅದು ಬೆಳೆಯುತ್ತಾ ಬೆಳೆಯುತ್ತಾ ತನಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರನ್ನು ಒತ್ತುತ್ತದೆ. ಹೋಗಲು ಜಾಗವಿಲ್ಲದ ನೀರು ಅತ್ಯಂತ ದುರ್ಬಲವಾದ ಜೋಡಣೆಯನ್ನು ಹುಡುಕಿ ಸೀಳುತ್ತದೆ. ನಲ್ಲಿಯನ್ನು ಕೊಂಚ ತೆರೆದಿಟ್ಟರೆ ಆ ಒತ್ತಡಕ್ಕೆ ದಾರಿಯಾಗುತ್ತದೆ. ಪಕ್ಕದ ಹೊಲದ ಮುದುಕ, ಎಪ್ಪತ್ತು ದಾಟಿದ ದನಗಾಹಿ, ನಮ್ಮ ವ್ಯಾನು ನೋಡಲು ಬಂದವನು ಮೊದಲು ಹೇಳಿದ್ದೇ ಇದನ್ನು. ಅವನ ದನಗಳು ಕುಡಿಯುವ ತೊಟ್ಟಿಯೊಳಗೆ ಕರೆಂಟಿನ ಹೀಟರ್ ಮುಳುಗಿಸಿದ್ದ. ಹುಡುಗನಾಗಿದ್ದಾಗ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಕೊಡಲಿ ತೆಗೆದುಕೊಂಡು ಹೋಗಿ ದನಗಳಿಗೆ ಮಂಜು ಒಡೆದು ಬರಬೇಕಿತ್ತಂತೆ. “ನೀರು ನಿಂತಲ್ಲಿ ಸಾಯುತ್ತದೆ” ಅಂದ. ನಮ್ಮ ಕಡೆಯೂ ಹೀಗೇ ಏನೋ ಹೇಳುತ್ತಾರೆ, ಬೇರೆ ಕಾರಣಕ್ಕೆ.

ಇನ್ನೊಂದು ವಿಷಯ ಇವರು ನನಗೆ ಕಾಗದದ ಮೇಲೆ ಬರೆದು ತೋರಿಸಿದ್ದರು. ಕೆಲಸವಿಲ್ಲದ ಎಂಜಿನಿಯರಿಗೆ ಹೆಂಡತಿಯೇ ವಿದ್ಯಾರ್ಥಿನಿ. ಒಂದು ಲೀಟರ್ ನೀರು ಸೊನ್ನೆ ಡಿಗ್ರಿಯಲ್ಲಿ ಗಡ್ಡೆಯಾಗುವಾಗ 334 ಕಿಲೋಜೌಲ್ ಶಾಖ ಬಿಟ್ಟುಕೊಡುತ್ತದೆ. ಎಂಬತ್ತು ಡಿಗ್ರಿಯ ಬಿಸಿನೀರು ಸೊನ್ನೆಗೆ ಇಳಿಯುವಾಗ ಬಿಡುವ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ನೀರು ಸುಲಭಕ್ಕೆ ಸೋಲುವುದಿಲ್ಲ. ತುಂಬಿದ ಟ್ಯಾಂಕು ಒಂದು ರಾತ್ರಿ ಹೀಟರಿಲ್ಲದೆಯೂ ತಡೆದುಕೊಳ್ಳಬಹುದು. ಮೊದಲು ಹೋಗುವುದು ಬೆರಳು ಗಾತ್ರದ ಪೈಪು. ಅದರಲ್ಲಿರುವುದೇ ಒಂದು ಲೋಟ ನೀರು, ಸುತ್ತ ಎಲ್ಲ ಕಡೆಯಿಂದ ಚಳಿ. ಟ್ಯಾಂಕು ಪೂರ್ತಿ ನೀರಿದ್ದೂ ಕುಡಿಯಲು ಹನಿ ಇಲ್ಲದ ಸ್ಥಿತಿ ಬರುವುದು ಹೀಗೆ. ಹಿಮ ಕರಗಿಸಿ ನೀರು ಮಾಡಿಕೊಳ್ಳಬಾರದೇ ಎಂದು ಊರಿನಲ್ಲಿ ಎಲ್ಲರೂ ಕೇಳುತ್ತಾರೆ. ಮಾಡಬಹುದು. ಹಗುರ ಹಿಮವಾದರೆ ದೊಡ್ಡ ಬಕೆಟ್ ತುಂಬ ತಂದರೂ ಒಂದು ಚೊಂಬು ನೀರಾಗುತ್ತದೆ, ಅಷ್ಟಕ್ಕೆ ಉರಿದ ಗ್ಯಾಸಿನಲ್ಲಿ ಅನ್ನ ಸಾರು ಎರಡೂ ಆಗುತ್ತಿತ್ತು. ಬಿಟ್ಟಿ ಸಿಗುವುದಕ್ಕೆ ಕೊಡುವ ಬೆಲೆ ಅದು.

ನವೆಂಬರಿನಲ್ಲಿ ಮೊದಲು ಕೈಕೊಟ್ಟಿದ್ದು ಬಚ್ಚಲ ನೀರಿನ ಟ್ಯಾಂಕು. ಪಾತ್ರೆ ತೊಳೆದ ನೀರೆಲ್ಲ ಹೋಗಿ ಬೀಳುವ ಡಬ್ಬ ಗಾಡಿಯ ಹೊಟ್ಟೆಯ ಕೆಳಗೆ ನೇತಾಡುತ್ತಿತ್ತು, ಹೊರಗೆ, ಗಾಳಿಗೆ. ಬೇಸಿಗೆಯ ಗಾಡಿಗಳನ್ನು ಹೀಗೆಯೇ ಕಟ್ಟುವುದು. ಮೈನಸ್ 8ರ ಒಂದು ರಾತ್ರಿ ಅದರ ಬಾಯಿ ಕಟ್ಟಿಕೊಂಡಿತು, ಮಾರನೆಯ ದಿನ ಸಿಂಕು ತುಂಬಿ ನಿಂತಿತು. ಇವರು ಹಿಮದ ಮೇಲೆ ಅಂಗಾತ ಮಲಗಿ ಕೆಳಗಿನ ಪೈಪು ಬಿಚ್ಚಿದರು. ಸಿಂಕಿನ ಕೆಳಗೆ ಹತ್ತು ಲೀಟರಿನ ಬಕೆಟ್ ಇಟ್ಟೆವು. ಅದು ತುಂಬುವ ಮುಂಚೆ ಹೊತ್ತುಕೊಂಡು ಹೋಗಿ ಮನೆಯವರ ಬಚ್ಚಲಿಗೆ ಸುರಿದು ಬರುವುದು ನನ್ನ ಕೆಲಸವಾಯಿತು. ಸ್ನಾನಕ್ಕೆ ವಾರಕ್ಕೆ ಮೂರು ದಿನ ಊರಿನ ಈಜುಕೊಳದ ಕಟ್ಟಡಕ್ಕೆ ಹೋಗುತ್ತಿದ್ದೆವು. ತಲೆ ಪೂರ್ತಿ ಒಣಗಿಸದೆ ಹೊರಗೆ ಬಂದರೆ ಕಾರಿನವರೆಗೆ ಬರುವುದರಲ್ಲಿ ಕೂದಲು ಕಡ್ಡಿಯಾಗುತ್ತದೆ, ಮುಟ್ಟಿದರೆ ಕಟಕಟ ಅನ್ನುತ್ತದೆ. ಕಕ್ಕಸಿನ ವಿಚಾರ ಬರೆಯುವುದಿಲ್ಲ, ಅದೂ ಹೆಪ್ಪುಗಟ್ಟುತ್ತದೆ ಅಂತ ಮಾತ್ರ ತಿಳಿದುಕೊಳ್ಳಿ.

ನಾವು ವ್ಯಾನಿನಲ್ಲಿದ್ದೇವೆ ಎಂದು ಇವರ ಅಪ್ಪ ಅಮ್ಮನಿಗೆ ಹೇಳಿರಲಿಲ್ಲ. ಇವರು ಬೇಡ ಅಂದಿದ್ದರು. ನಮ್ಮಮ್ಮನಿಗೆ ನಾನು ಹೇಳಿದ್ದೆ. ಹೇಳದೆ ವಿಧಿಯಿರಲಿಲ್ಲ, ವಿಡಿಯೋದಲ್ಲಿ ಪಂಪಿನ ಸದ್ದು ಕೇಳಿಸಿಕೊಂಡು ಅವಳೇ ಕೇಳಿದ್ದಳು.

“ಅದೇನೇ ಗುರ್ ಅಂತು? ಬೋರ್ ಹಾಕ್ಸಿದೀರಾ?”

“ಪಂಪು ಕಣಮ್ಮ. ನಲ್ಲಿ ಬಿಟ್ಟರೆ ಸದ್ದು ಮಾಡುತ್ತೆ.”

“ಅಷ್ಟು ದೊಡ್ಡ ದೇಶದಲ್ಲಿ ನೀರಿಗೆ ಮೋಟಾರು ಬೇಕಾ?”

ಎಲ್ಲ ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಎರಡೇ ಪ್ರಶ್ನೆ: ಬಾಗಿಲಿಗೆ ಬೀಗ ಭದ್ರವಾಗಿದೆಯಾ, ದಿನಕ್ಕೆ ಎಷ್ಟು ಕೊಡ ಸಿಗುತ್ತೆ. ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಬೀದಿಗೆ ನಲ್ಲಿ ನೀರು ಬರುತ್ತಿದ್ದುದು ನಾಲ್ಕೈದು ದಿನಕ್ಕೊಮ್ಮೆ, ಅದೂ ರಾತ್ರಿ ಒಂದೂವರೆ ಎರಡು ಗಂಟೆಗೆ. ಕೊಡಗಳನ್ನು ಸಂಜೆಯೇ ಸಾಲಾಗಿ ಇಡುತ್ತಿದ್ದೆವು. ಅಮ್ಮ ಅಡುಗೆ ಮನೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಲೆಕ್ಕ ಇಡುತ್ತಿದ್ದಳು, ಕುಡಿಯಲು ಇಷ್ಟು, ಬಳಕೆಗೆ ಇಷ್ಟು, ಎಮ್ಮೆಗೆ ಇಷ್ಟು. ಆ ಗೆರೆಗಳಿಂದ ತಪ್ಪಿಸಿಕೊಳ್ಳಬೇಕೆಂದೇ ನಾನು ಓದಿದ್ದು ಅಂತ ಈಗ ಹೇಳಿದರೆ ನಾಟಕೀಯವಾಗುತ್ತದೆ. ಆದರೆ ಕ್ಯಾಲ್ಗರಿಯ ಮೊದಲ ಮನೆಯಲ್ಲಿ, ನಲ್ಲಿ ತಿರುಗಿಸಿ ನೀರು ಹರಿಯುತ್ತಿದ್ದುದನ್ನು ಸುಮ್ಮನೆ ನೋಡುತ್ತಾ ನಿಂತಿದ್ದೆ, ಅದು ನೆನಪಿದೆ.

ಡಿಸೆಂಬರ್ ಮೊದಲ ವಾರ ಬರುವಷ್ಟರಲ್ಲಿ ಈ ನೀರಿನ ವಿಚಾರದಲ್ಲೇ ನಮ್ಮಿಬ್ಬರ ನಡುವೆ ಜಟಾಪಟಿ ಶುರುವಾಗಿತ್ತು. ಮೈನಸ್ 25, 30ರ ಚಳಿ ಬರುತ್ತಿದೆ ಅಂತ ಹವಾಮಾನದವರು ಹೇಳುತ್ತಿದ್ದರು. ನನ್ನ ವಾದ ಸರಳ: ಪೈಪು, ಪಂಪು ಎಲ್ಲ ಖಾಲಿ ಮಾಡಿಬಿಡೋಣ, ಎರಡು ಕ್ಯಾನಿನಲ್ಲಿ ನೀರು ತಂದಿಟ್ಟುಕೊಳ್ಳೋಣ, ಏಪ್ರಿಲ್‌ವರೆಗೆ ನಲ್ಲಿಯ ಮುಖ ನೋಡುವುದು ಬೇಡ. ಇಲ್ಲಿ ಕ್ಯಾಂಪರ್ ಇರುವವರೆಲ್ಲ ಅಕ್ಟೋಬರ್‌ನಲ್ಲೇ ಮಾಡುವ ಕೆಲಸ ಅದು. ಇವರು ಒಪ್ಪಲಿಲ್ಲ. ಪೈಪಿಗೆ ಸುತ್ತುವ ಬಿಸಿ ಪಟ್ಟಿ ತಂದರು, ಕಪಾಟಿನ ಬಾಗಿಲುಗಳನ್ನು ರಾತ್ರಿ ತೆರೆದಿಟ್ಟು ಬಿಸಿಗಾಳಿ ಒಳಗೆ ಹೋಗುವ ಹಾಗೆ ಮಾಡಿದರು, ಹೀಟರಿನ ಕೊಳವೆಯಲ್ಲಿ ಒಂದನ್ನು ಮಂಚದ ಕೆಳಗೆ ತಿರುಗಿಸಿದರು. ಮಂಚದ ಕೆಳಗೆ, ಪಂಪಿನ ಪಕ್ಕ, ಸಿಂಕಿನ ಹಿಂದೆ ಮೂರು ಪುಟ್ಟ ಥರ್ಮಾಮೀಟರ್ ಅಂಟಿಸಿ ಎರಡು ಗಂಟೆಗೊಮ್ಮೆ ಓದಿ ಪುಸ್ತಕದಲ್ಲಿ ಬರೆದಿಟ್ಟುಕೊಂಡರು. ಮಲಗುವವರ ತಲೆಯ ಹತ್ತಿರ 19 ಡಿಗ್ರಿ ಇದ್ದಾಗ ಸಿಂಕಿನ ಹಿಂದೆ 4 ಇರುತ್ತಿತ್ತು. ಕೆಲಸದ ಅರ್ಜಿಗಳನ್ನು ಎಷ್ಟು ಕಳಿಸಿದರು ಎಂಬ ಲೆಕ್ಕವೂ ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿತ್ತು.

“ಖಾಲಿ ಮಾಡಿದರೆ ಏನು ನಷ್ಟ?” ಅಂತ ಒಂದು ದಿನ ಕೇಳಿಯೇಬಿಟ್ಟೆ.

“ನಲ್ಲೀಲಿ ನೀರು ಬಂದರೆ ಇದು ಮನೆ. ಇಲ್ಲದಿದ್ದರೆ ನಾವು ಗಾಡೀಲಿ ಮಲಗೋರು” ಅಂದರು.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಲ್ಲಿಯಿಲ್ಲದ ಮನೆಯಲ್ಲಿ ಬೆಳೆದವಳು ನಾನು, ಅದು ಮನೆಯೇ ಆಗಿತ್ತು. ಆದರೆ ಇವರು ಮೈಸೂರಿನ ಸರಸ್ವತಿಪುರಂನವರು. ಹೇಳಿದರೂ ಆ ಹೊತ್ತಿಗೆ ಅದು ಚುಚ್ಚಿದ ಹಾಗೆ ಕೇಳುತ್ತಿತ್ತು. ಸುಮ್ಮನಾದೆ.

ಮೈನಸ್ 31 ಆದ ರಾತ್ರಿ ನಾನು ಪಾಳಿಯಲ್ಲಿದ್ದೆ. ನಡೆದದ್ದನ್ನು ಆಮೇಲೆ ತುಂಡು ತುಂಡಾಗಿ ಜೋಡಿಸಿಕೊಂಡಿದ್ದು. ಮನೆಯವರ ಎರಡು ಕಾರುಗಳ ಬ್ಲಾಕ್ ಹೀಟರು, ನಮ್ಮದೊಂದು ಬ್ಲಾಕ್ ಹೀಟರು, ನಮ್ಮ ಕರೆಂಟ್ ಹೀಟರು, ಎಲ್ಲ ಒಂದೇ ಲೈನಿನ ಮೇಲಿದ್ದವು. ನಡುರಾತ್ರಿ ಯಾವಾಗಲೋ ಫ್ಯೂಸಿನ ಸ್ವಿಚ್ಚು ಬಿತ್ತು. ಕರೆಂಟ್ ಹೀಟರ್ ನಿಂತಿತು, ಚಾರ್ಜರ್ ನಿಂತಿತು. ಡೀಸೆಲ್ ಹೀಟರ್ ಮಾತ್ರ ಬ್ಯಾಟರಿಯ ಮೇಲೆ ಓಡುತ್ತಿತ್ತು. ಚಳಿಗೆ ಬ್ಯಾಟರಿಯ ಶಕ್ತಿ ಅರ್ಧಕ್ಕರ್ಧ ಕುಂದುತ್ತದೆ, ಅದರ ಪೆಟ್ಟಿಗೆ ಇದ್ದದ್ದು ಹಿಂದಿನ ಬಾಗಿಲ ಪಕ್ಕದ ತಣ್ಣನೆಯ ಮೂಲೆಯಲ್ಲಿ. ವೋಲ್ಟೇಜ್ ಇಳಿದ ಕೂಡಲೇ ಡೀಸೆಲ್ ಹೀಟರೂ ತನ್ನನ್ನು ತಾನೇ ಆರಿಸಿಕೊಂಡಿತು. ನಾಲ್ಕು ಗಂಟೆಗೆ ಮೂಗು ನೋಯುತ್ತಿದೆ ಅನ್ನಿಸಿ ಇವರಿಗೆ ಎಚ್ಚರವಾಯಿತಂತೆ. ಒಳಗೆ ಮೈನಸ್ 4. ಇಬ್ಬರ ಉಸಿರಿನ ತೇವ ರಾತ್ರಿ ರಾತ್ರಿ ಗೋಡೆಗೆ ಕೂರುತ್ತದಲ್ಲ, ಅದೆಲ್ಲ ಬೆಳ್ಳಗೆ ಪುಡಿಯಾಗಿ ಚಾದರದ ಮೇಲೆ ಉದುರುತ್ತಿತ್ತು. ಎಂಜಿನ್ ಹೊರಡಲಿಲ್ಲ, ಅದರ ಬ್ಲಾಕ್ ಹೀಟರೂ ಸತ್ತಿತ್ತಲ್ಲ. ಫ್ಯೂಸಿನ ಪೆಟ್ಟಿಗೆ ಬೀಗ ಹಾಕಿದ ಗ್ಯಾರೇಜಿನೊಳಗೆ. ಬಾಡಿಗೆ ಬೇಡವೆಂದವರ ಬಾಗಿಲನ್ನು ಬೆಳಗಿನ ಜಾವ ತಟ್ಟುವುದಕ್ಕೆ ಇವರು ಅರ್ಧ ಗಂಟೆ ಹಿಂದೆ ಮುಂದೆ ನೋಡಿದರು. ಕೊನೆಗೆ ತಟ್ಟಿದರು. ಆ ಮನೆಯ ಅಕ್ಕ ಬಾಗಿಲು ತೆರೆದು ಬೈದದ್ದು ಇನ್ನೂ ಮುಂಚೆ ಯಾಕೆ ಬರಲಿಲ್ಲ ಎಂದು.

ನಾನು ಎಂಟಕ್ಕೆ ಬಂದಾಗ ಇವರು ಮಂಕಿ ಟೋಪಿ ಹಾಕಿಕೊಂಡು, ಸಿಂಕಿನ ಕಪಾಟಿನೊಳಗೆ ಅರ್ಧ ದೇಹ ತೂರಿಸಿ, ನನ್ನ ಹೇರ್ ಡ್ರೈಯರ್ ಹಿಡಿದು ಕೂತಿದ್ದರು. ಹೀಗೆ ಬಿಸಿ ಮಾಡುವುದಕ್ಕೂ ಒಂದು ಕ್ರಮವಿದೆ. ನಲ್ಲಿ ತೆರೆದಿಟ್ಟು, ನಲ್ಲಿಯ ಕಡೆಯಿಂದ ಶುರುಮಾಡಿ ಹಿಂದಕ್ಕೆ ಹೋಗಬೇಕು, ಕರಗಿದ ನೀರಿಗೂ ಆವಿಗೂ ಹೊರದಾರಿ ಇರಬೇಕು. ಬೆಂಕಿಯನ್ನಂತೂ ಹತ್ತಿರ ತರಬಾರದು. ಮಧ್ಯಾಹ್ನದ ಹೊತ್ತಿಗೆ ಪಂಪು ಬಿಟ್ಟುಕೊಂಡಿತು, ಟ್ಯಾಂಕಿಗೆ ಏನೂ ಆಗಿರಲಿಲ್ಲ, ಮೇಲೆ ಒಂದು ಪದರ ಗಾಜಿನಂತೆ ಕಟ್ಟಿತ್ತು ಅಷ್ಟೇ. ಆದರೆ ನಲ್ಲಿಗೆ ನೀರು ಬರಲಿಲ್ಲ. ಪ್ಲೈವುಡ್ಡಿಗೂ ಹೊರಗಿನ ತಗಡಿಗೂ ನಡುವೆ ಎಲ್ಲೋ ಒಂದು ಮೊಳದಷ್ಟು ಪೈಪಿನಲ್ಲಿ ಗಡ್ಡೆ ಕೂತಿತ್ತು. ಅಲ್ಲಿಗೆ ಡ್ರೈಯರ್ ತಲುಪುವುದಿಲ್ಲ. “ಒಡೆದಿಲ್ಲ, ಒಡೆದಿದ್ದರೆ ಸೋರಬೇಕಿತ್ತು” ಅಂದರು. ನಾನು ಏನೂ ಅನ್ನದೆ ಮಲಗಿದೆ. ಸೋರಬೇಕಾದರೆ ಮೊದಲು ಕರಗಬೇಕು. ಒಡೆದ ಪೈಪನ್ನು ಅದರೊಳಗಿನ ಗಡ್ಡೆಯೇ ಹಿಡಿದುಕೊಂಡಿರುತ್ತದೆ. ಇವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು.

ಮುಂದಿನ ಮೂರು ದಿನ ಇವರು ಪಂಪಿನ ಸ್ವಿಚ್ಚು ಆರಿಸಲಿಲ್ಲ. ಬೆಳಿಗ್ಗೆ ಎದ್ದು ಮೊದಲು ನಲ್ಲಿ ತಿರುಗಿಸುವುದು, ಏನೂ ಬರದಿದ್ದರೆ ಮುಚ್ಚುವುದು. ಆ ಮೂರು ದಿನಗಳಲ್ಲಿ ಎರಡು ಕಡೆಯಿಂದ ‘ಸದ್ಯಕ್ಕೆ ಹುದ್ದೆ ಖಾಲಿ ಇಲ್ಲ’ ಎಂಬ ಪತ್ರವೂ ಬಂದಿತ್ತು.

ನಾಲ್ಕನೆಯ ದಿನ ಸಂಜೆ ಪಶ್ಚಿಮದ ಆಕಾಶದಲ್ಲಿ ಬೆಟ್ಟಗಳ ಮೇಲೆ ಒಂದು ಕಮಾನು ಕಾಣಿಸಿತು. ಮೇಲೆ ಬೂದು ಮೋಡದ ಚಾವಣಿ, ಅದರ ಅಂಚು ಕತ್ತರಿಸಿದ ಹಾಗೆ ನೇರ, ಕೆಳಗೆ ತಿಳಿ ನೀಲಿ ಪಟ್ಟಿ. ಚಿನೂಕ್ ಬರುವ ಸೂಚನೆ ಅದು. ಪೆಸಿಫಿಕ್ ಕಡೆಯಿಂದ ಬರುವ ಗಾಳಿ ರಾಕಿ ಪರ್ವತಗಳನ್ನು ಹತ್ತುವಾಗ ತನ್ನ ತೇವವನ್ನೆಲ್ಲ ಆ ಬದಿಗೆ ಸುರಿದು, ಈ ಬದಿಗೆ ಇಳಿಯುವಾಗ ಪ್ರತಿ ಕಿಲೋಮೀಟರಿಗೆ ಹತ್ತು ಡಿಗ್ರಿಯಂತೆ ಬೆಚ್ಚಗಾಗುತ್ತದೆ. ಮೈನಸ್ ಇಪ್ಪತ್ತರಲ್ಲಿ ಮಲಗಿದವರು ಬೆಳಿಗ್ಗೆ ಸೂರಿನಿಂದ ತೊಟ್ಟಿಕ್ಕುವ ಸದ್ದು ಕೇಳಿ ಏಳುವುದು ಈ ಸೀಮೆಯಲ್ಲಿ ಅಪರೂಪವೇನಲ್ಲ. ಕೆಲವರಿಗೆ ಆ ಗಾಳಿ ಬೀಸಿದರೆ ತಲೆಶೂಲೆ. ನನಗೆ ಖುಷಿ, ಹೊರಗೆ ಬಟ್ಟೆ ಹರವಬಹುದು ಅಂತ.

ಅವತ್ತು ನನಗೆ ರಜೆ. ರಾತ್ರಿ ಒಂದು ಗಂಟೆಗೆ, ಗಾಳಿಗೆ ವ್ಯಾನು ತೊಟ್ಟಿಲಿನಂತೆ ಅಲುಗುತ್ತಿರುವಾಗ, ಪಂಪು ‘ಗುರ್ರ್’ ಅಂದಿತು. ನಲ್ಲಿ ಯಾರೂ ತಿರುಗಿಸಿರಲಿಲ್ಲ. ಸುಮ್ಮನಾಯಿತು, ಮತ್ತೆ ‘ಗುರ್ರ್’. ಆಮೇಲೆ ನಿಲ್ಲಲೇ ಇಲ್ಲ. ಇವರು ಎದ್ದು ಸ್ವಿಚ್ಚು ಆರಿಸುವಷ್ಟರಲ್ಲಿ ಕಟ್ಟೆಯ ಬುಡದಿಂದ ನೀರು ಬಂದು ನಮ್ಮ ಚಪ್ಪಲಿ ನೆನೆಸಿತ್ತು. ಟವೆಲು, ಸ್ವೆಟರು, ಕೊನೆಗೆ ಊರಿಂದ ತಂದ ಜಮಖಾನ, ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಿ ಒರೆಸಿದೆವು. ಪ್ಲೈವುಡ್ ಬಿಚ್ಚಿ ನೋಡಿದರೆ ಪೈಪಿಗೆ ಏನೂ ಆಗಿರಲಿಲ್ಲ. ಈ ಪೆಕ್ಸ್ ಪೈಪು ಸ್ವಲ್ಪ ಹಿಗ್ಗಿ ಮತ್ತೆ ಕುಗ್ಗುತ್ತದೆ, ಸಹಿಸಿಕೊಳ್ಳುವ ಜಾತಿ. ಒಡೆದಿದ್ದು ತಿರುವಿನಲ್ಲಿ ಹಾಕಿದ್ದ ಪ್ಲಾಸ್ಟಿಕ್ ಎಲ್ಬೋ. ಕೂದಲೆಳೆಯಷ್ಟು ಬಿರುಕು. ಅಂಗಡಿಯಲ್ಲಿ ಮೂರು ಡಾಲರ್ ಇರಬಹುದು.

ಇವರು ಅದನ್ನು ಕೈಯಲ್ಲಿ ಹಿಡಿದುಕೊಂಡು ಒದ್ದೆ ನೆಲದ ಮೇಲೆ ಕೂತುಬಿಟ್ಟರು. ಎಷ್ಟೋ ಹೊತ್ತು. ಕೆಲಸ ಹೋದ ದಿನ ಅಳದವರು, ಮನೆಯ ಬೀಗದ ಕೈ ಹಿಂದಿರುಗಿಸಿದ ದಿನ ಅಳದವರು ಅವತ್ತು ಅತ್ತರು. ನಾನು ಟೀ ಮಾಡೋಣವೆಂದು ಪಾತ್ರೆ ತೆಗೆದೆ, ನೀರು ಬೇಕಲ್ಲ. ಮಂಚದ ಕೆಳಗೆ ಟ್ಯಾಂಕಿನ ಮುಚ್ಚಳ ಬಿಚ್ಚಿ ಲೋಟ ಅದ್ದಿ ಎರಡು ಲೋಟ ತೆಗೆದೆ. ಸಕ್ಕರೆ ಜಾಸ್ತಿ ಹಾಕಿ ಕೊಟ್ಟೆ. ಕುಡಿದರು.

ಬೆಳಿಗ್ಗೆ ತಾವಾಗಿಯೇ ಎದ್ದು ಎಲ್ಲ ಖಾಲಿ ಮಾಡಲು ಶುರುಮಾಡಿದರು. ಟ್ಯಾಂಕಿನ ಬುಡದ ಬಿರಡೆ ಎಳೆದು ಹೊರಗೆ ಹರಿಸಿದರು. ಎಲ್ಬೋ ಬದಲಾಯಿಸಿದರು. ಗ್ಯಾರೇಜಿನ ಕಂಪ್ರೆಸರಿನಿಂದ ಮೆಲ್ಲಗೆ ಗಾಳಿ ಊದಿ ಪೈಪಿನಲ್ಲಿ ಉಳಿದ ನೀರನ್ನೆಲ್ಲ ಹೊರದೂಡಿದರು. ಕೊನೆಗೆ ನಸುಗೆಂಪು ದ್ರವ. ಇಲ್ಲಿ ಪ್ರತಿ ಹಾರ್ಡ್‌ವೇರ್ ಅಂಗಡಿಯಲ್ಲೂ ಶರತ್ಕಾಲದಲ್ಲಿ ರೂಹಫ್ಜಾ ಹಾಗೆ ಕ್ಯಾನುಗಟ್ಟಲೆ ಜೋಡಿಸಿಟ್ಟಿರುತ್ತಾರೆ. ಪ್ರೊಪಿಲೀನ್ ಗ್ಲೈಕಾಲ್, ತಿನ್ನುವ ಪದಾರ್ಥಗಳಲ್ಲೂ ಬಳಸುವಂಥದ್ದು. ಕಾರಿನ ರೇಡಿಯೇಟರಿಗೆ ಸಾಮಾನ್ಯವಾಗಿ ಹಾಕುವುದು ಎಥಿಲೀನ್ ಗ್ಲೈಕಾಲ್, ಅದು ವಿಷ, ಅದನ್ನು ಕುಡಿಯುವ ನೀರಿನ ಪೈಪಿಗೆ ಹಾಕಿದರೆ ಕಥೆ ಮುಗಿಯಿತು. ಕ್ಯಾನಿನ ಮೇಲೆ ಮೈನಸ್ 50 ಎಂದು ಬರೆದಿರುತ್ತದೆ. ಅದಕ್ಕೆ ಎಷ್ಟೋ ಮುಂಚೆಯೇ ಅದು ಐಸ್ ಗೋಲಾದ ಹಾಗೆ ಮೆದುವಾಗಿ ಕಟ್ಟುತ್ತದೆ, ಆದರೆ ಗಟ್ಟಿಯಾಗಿ ಹಿಗ್ಗಿ ಪೈಪನ್ನು ಸೀಳುವುದಿಲ್ಲ. ಪೈಪಿನಲ್ಲಿ ಹಳೆಯ ನೀರು ಉಳಿದು ಅದು ತೆಳುವಾದರೆ ಮಾತ್ರ ಅದರ ಮಾತಿಗೆ ಬೆಲೆಯಿಲ್ಲ. ಪಂಪಿನಿಂದ ಅದನ್ನು ಎಳೆಸಿ, ನಲ್ಲಿಯಲ್ಲಿ ಕೆಂಪಗೆ ಬರುವವರೆಗೆ ಬಿಟ್ಟು, ಸಿಂಕಿನ ಕೆಳಗಿನ ಬಾಗು ಪೈಪಿಗೂ ಒಂದು ಲೋಟ ಸುರಿದು, ಇವರು ಪಂಪಿನ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದರು. ನಾನು ಹೇಳಿದ್ದನ್ನೇ ಮಾಡಿದ್ದರು. ಗೆದ್ದ ಖುಷಿಯೇನೂ ಆಗಲಿಲ್ಲ.

ಆಮೇಲಿನ ಮೂರೂವರೆ ತಿಂಗಳು ನೀರು ನನ್ನ ಖಾತೆಗೆ ಬಂತು. ಇಪ್ಪತ್ತು ಲೀಟರಿನ ಎರಡು ಕ್ಯಾನು, ಕುತ್ತಿಗೆಯವರೆಗೆ ತುಂಬದೆ ನಾಲ್ಕು ಬೆರಳು ಜಾಗ ಬಿಟ್ಟು, ಹಗಲು ಸಿಂಕಿನ ಪಕ್ಕ, ರಾತ್ರಿ ಮಂಚದ ಕಾಲ ಬಳಿ ಹೀಟರಿನ ಬಾಯಿಗೆ. ಕುಡಿಯುವ ನೀರಿನ ಒಂದು ಸ್ಟೀಲ್ ಬಾಟಲಿ ಹೊದಿಕೆಯೊಳಗೆ. ಬಾಟಲಿಯನ್ನು ತಲೆಕೆಳಗಾಗಿಡಬೇಕು, ನೀರು ಮೇಲಿನಿಂದ ಕಟ್ಟುತ್ತಾ ಬರುತ್ತದೆ, ಆಗ ಮುಚ್ಚಳದ ಕಡೆ ಬಿಡುವಿರುತ್ತದೆ. ಅಮ್ಮನಿಗೆ ಇದೆಲ್ಲ ಹಬ್ಬವಾಯಿತು. ಮೊದಲ ಬಾರಿಗೆ ಅವಳಿಗೆ ಗೊತ್ತಿರುವ ವಿಷಯವೊಂದು ಕೆನಡಾದಲ್ಲಿ ಕೆಲಸಕ್ಕೆ ಬರುತ್ತಿತ್ತು. ಅಕ್ಕಿ ತೊಳೆದ ನೀರಲ್ಲಿ ಪಾತ್ರೆಯ ಜಿಡ್ಡು ತೆಗಿ, ಆಮೇಲೆ ಒಂದೇ ತಂಬಿಗೆಯಲ್ಲಿ ಗಲಬರಿಸು. ತಟ್ಟೆಗೆ ಎಣ್ಣೆ ಅಂಟಿದ್ದರೆ ಮೊದಲು ಕಾಗದದಲ್ಲಿ ಒರೆಸು. ನಲ್ಲಿಯಿದ್ದಾಗ ನಾವಿಬ್ಬರೂ ದಿನಕ್ಕೆ ಹದಿನೇಳು ಹದಿನೆಂಟು ಲೀಟರ್ ಮುಗಿಸುತ್ತಿದ್ದೆವು. ಜನವರಿ ಹೊತ್ತಿಗೆ ಅದು ಹತ್ತಕ್ಕೆ ಇಳಿಯಿತು. ಇವರು ಅದನ್ನೂ ಪುಸ್ತಕದಲ್ಲಿ ಬರೆದಿದ್ದಾರೆ, ಸೀಮೆಸುಣ್ಣ ಇಲ್ಲ ಅಷ್ಟೇ.

ಒಂದು ದಿನ ಇವರಿಗೆ ದೂರವಾಣಿ ಸಂದರ್ಶನ. ಗಡ್ಡ ಹೆರೆದುಕೊಂಡು ಟೈ ಬೇರೆ ಕಟ್ಟಿಕೊಂಡರು, ಫೋನಿಗೆ. ತಂಬಿಗೆಯಲ್ಲಿ ಬಿಸಿನೀರು ಕೊಟ್ಟೆ. ಎಡಗೈಯಲ್ಲಿ ಹೊಯ್ದುಕೊಂಡು ಬಲಗೈಯಲ್ಲಿ ಮುಖ ತೊಳೆಯಲು ಬಾರದೆ ಪೇಚಾಡಿ ಅಂಗಿಯ ತೋಳು ಒದ್ದೆ ಮಾಡಿಕೊಂಡರು. ನಾನೇ ಹೊಯ್ದೆ. ಆಗ ಕೇಳಿದರು, “ನಿಮ್ಮನೇಲಿ ನಿಂಗೆ ಯಾರು ಹೊಯ್ತಿದ್ರು?” ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ನಮ್ಮ ಬೀದಿಯ ನೀರಿನ ಕಥೆಯನ್ನು ನಾನು ಇವರಿಗೆ ಸರಿಯಾಗಿ ಹೇಳಿದ್ದು ಅವತ್ತೇ. ಆ ಕೆಲಸ ಸಿಗಲಿಲ್ಲ. ಮಾರ್ಚ್ ಕೊನೆಯಲ್ಲಿ ಸಿಕ್ಕಿದ್ದು ಬೇರೆ, ರೆಡ್ ಡಿಯರ್ ಊರಿನಲ್ಲಿ, ಹಳೆಯ ಸಂಬಳದ ಮುಕ್ಕಾಲು ಪಾಲಿಗೆ. ಮೇ ತಿಂಗಳಲ್ಲಿ ಒಂದು ಬೇಸ್‌ಮೆಂಟ್ ಮನೆಗೆ ಹೋದೆವು. ಇವರ ಅಪ್ಪ ಅಮ್ಮನಿಗೆ ಅದರ ಮುಂದಿನ ವರ್ಷ ಊರಿಗೆ ಹೋದಾಗ ಇವರೇ ಹೇಳಿದರು. ಮಾವ ಬಹಳ ಹೊತ್ತು ಸುಮ್ಮನಿದ್ದು, ಎಲ್ಬೋ ಹಿತ್ತಾಳೆಯದು ಹಾಕಬೇಕಿತ್ತು ಅಂದರು.

ವ್ಯಾನನ್ನು 2019ರಲ್ಲಿ ಮಾರಿದೆವು. ಕೊಳ್ಳಲು ಬಂದವರು ಇಪ್ಪತ್ತೈದರ ಆಸುಪಾಸಿನ ಹುಡುಗ ಹುಡುಗಿ, ಚಳಿಗಾಲವಿಡೀ ಸ್ಕೀ ಮಾಡುತ್ತಾ ಇದರಲ್ಲೇ ಇರುತ್ತಾರಂತೆ, ಕೆಲಸ ಬಿಟ್ಟು, ಬೇಕೆಂದೇ. ಹುಡುಗ ನಲ್ಲಿ ತಿರುಗಿಸಿದ, ಪಂಪು ಗುರ್ರ್ ಅಂದಿತು, ಮುಖ ಅರಳಿತು. ಚಳಿಗಾಲದಲ್ಲೂ ನೀರು ಬರುತ್ತದಾ ಎಂದು ಕೇಳಿದ. ಇವರು ಕನ್ನಡಕ ಸರಿಮಾಡಿಕೊಂಡು, “ಬನ್ನಿ, ಮೊದಲು ಮಂಚದ ಕೆಳಗೆ ತೋರಿಸ್ತೀನಿ” ಎಂದು ಇಂಗ್ಲಿಷಿನಲ್ಲಿ ಹೇಳಿ ಮೊಣಕಾಲೂರಿದರು. ಇದು ಮುಕ್ಕಾಲು ಗಂಟೆಗೆ ಕಡಿಮೆ ಮುಗಿಯುವ ಬಾಬತ್ತಲ್ಲ ಎಂದು ಗೊತ್ತಿದ್ದ ನಾನು ಟೀಗೆ ನೀರಿಡಲು ಒಳಗೆ ಹೋದೆ.